ತಂದೆಯ ಮನೆ

ಬೀದಿಯಲ್ಲಿ ಸತ್ತ ನಾಯಿಮರಿಯ ಒಂದು ಹನಿ ರಕ್ತ ಸಾಕು, ಅದರ ತಂದೆ ತಾಯಿ ಯಾವ ಮನೆಯವೆಂದು ನಗರಸಭೆಗೆ ಗೊತ್ತಾಗುತ್ತಿತ್ತು. ಆ ಮನೆಯವರೇ ಮರಿಯನ್ನು ತಮ್ಮ ಹಿತ್ತಲಲ್ಲಿ ಹೂಳಬೇಕೆಂಬುದು ಕಾನೂನು. ಬೆಳಿಗ್ಗೆ ಏಳಕ್ಕೆ ಪೌರಕಾರ್ಮಿಕಳಾದ ನೀಲವ್ವ ಶಿವಪುತ್ರಪ್ಪನ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಗೋಣಿಚೀಲ ಇಳಿಸಿದಳು.

"ಏನವ್ವಾ, ನಮ್ಮದು ಗಂಡು ನಾಯಿ. ಗಂಡು ಎಲ್ಲ್ಯರ ಮರಿ ಹಾಕತೈತೇನು?" ಶಿವಪುತ್ರಪ್ಪ ನಕ್ಕ.

"ತಾಯಿ ಬೀದಿನಾಯಿರಿ, ಅದಕ್ಕ ಮನಿ ಇಲ್ಲ. ತಂದಿಗೆ ಐತಿ. ಏಳು ಮರಿ, ಸಹಿ ಮಾಡ್ರಿ."

"ಸಂಜಿಮುಂದ ಅರ್ಧ ತಾಸು ಹೊರಗ ಬಿಡತೀವಿ, ಅಷ್ಟ."

"ಮೂರು ಸಲ ಆಪರೇಷನ್ ಚೀಟಿ ತಂದಿದ್ದೆ. ಪಾಪ, ಅದರ ಗಂಡಸ್ತನ ಕಳೀಬ್ಯಾಡ್ರಿ ಅಂದ್ರಿ. ಇವು ಚರಂಡಿಯಾಗ ಹಸದು ಸತ್ತಾವ. ಇವಕ್ಕ ಯಾರೂ ಪಾಪ ಅನ್ನಲಿಲ್ಲ."

ಅವನು ಸಹಿ ಹಾಕಿ ಗುದ್ದಲಿ ತಂದ. ಏಳನೆಯದನ್ನು ಚೀಲದಿಂದ ಎತ್ತಿದಾಗ ಅದು ಅವನ ಅಂಗೈಯಷ್ಟೇ ಇತ್ತು. ಮಣ್ಣು ಮುಚ್ಚಿ, ಗುದ್ದಲಿ ಹಿಡಿದುಕೊಂಡೇ ಗೇಟಿಗೆ ಬಂದ.

"ಆ ಚೀಟಿ ಕೊಡವ್ವಾ. ನಾಳೆನ ಕರ್ಕೊಂಡು ಹೋಗತೇನಿ."

"ತಗೋರಿ. ಇದು ಇನ್ನ ಹುಟ್ಟಬೇಕಾದವಕ್ಕ ಆತು. ಹುಟ್ಟಿ ಸತ್ತವು ಇನ್ನೂ ಗಾಡಿಯಾಗ ಅದಾವ, ಮುಂದಿನ ಓಣ್ಯಾಗ ಸಿಕ್ಕವು. ಅವಕ್ಕೂ ತಂದಿ ನಿಮ್ಮ ನಾಯಿನ. ಗುದ್ದಲಿ ಒಳಗ ಇಡಬ್ಯಾಡ್ರಿ."