ಭುಜದ ಮೇಲಿನ ಕೈ

ಫೋಟೋದಲ್ಲಿದ್ದ ಆ ಕೈ ಯಾರದ್ದೆಂದು ಫೋಟೋಗ್ರಾಫರಿಗೆ ನೋಡಿದ ಕೂಡಲೇ ಗೊತ್ತಾಯಿತು. ಎದುರು ತಂಡದ ಏಳನೇ ನಂಬರಿನ ಹುಡುಗಿಯದು. ಐದೂ ಬೆರಳು ಅವನ ಮಗಳ ಭುಜದ ಮೇಲೆ, ಜರ್ಸಿಯೊಳಗೆ ಹೂತುಹೋಗಿದ್ದವು.

ಶಾಲೆಯ ಒಳಾಂಗಣದಲ್ಲಿ ಎರಡು ತರಗತಿಗಳ ಬಾಸ್ಕೆಟ್‌ಬಾಲ್ ಫೈನಲ್. ಅರ್ಧಕ್ಕರ್ಧ ದೀಪ ಕೆಟ್ಟು ಯಾವ ಕಾಲವಾಗಿತ್ತೋ. ಅಂಥ ಕಡೆ ಓಡುವ ಮಕ್ಕಳ ಫೋಟೋ ತೆಗೆಯುವುದೆಂದರೆ ಹರಸಾಹಸ. ಶಟರ್ ನಿಧಾನವಾದರೆ ಕೈಕಾಲೆಲ್ಲ ಕಲಸಿಹೋಗುತ್ತವೆ. ವೇಗ ಹೆಚ್ಚಿಸಿದರೆ ಮಸಿ ಬಳಿದ ಹಾಗೆ ಕಪ್ಪು. "ನಿನ್ನ ಫೋಟೋದಲ್ಲಿ ನಾನು ದೆವ್ವದ ಥರ ಇರ್ತೀನಪ್ಪ. ಇವತ್ತು ಒಂದಾದರೂ ನೆಟ್ಟಗೆ ತೆಗಿ" ಎಂದು ಮಗಳು ಮನೆ ಬಿಡುವಾಗಲೂ ರೇಗಿಸಿದ್ದಳು.

ಆಟ ಮುಗಿಯುವ ಹೊತ್ತಿಗೆ ಅವಳು ಚೆಂಡಿನೊಂದಿಗೆ ಅಪ್ಪನ ಕಡೆಗೇ ನುಗ್ಗಿ ಬಂದಳು. ಬುಟ್ಟಿಯ ಕಬ್ಬಿಣದ ಕಂಬದ ಪಕ್ಕದಲ್ಲೇ ಅವನು ಮಂಡಿಯೂರಿದ್ದ. ಹಾರಬೇಕಿದ್ದವಳು ಹಾರಲಿಲ್ಲ. ಹೋಗಿ ಕಂಬಕ್ಕೇ ಅಪ್ಪಳಿಸಿದಳು. ಈಗ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾಳೆ. ಬೆನ್ನುಹುರಿಗೆ ಪೆಟ್ಟು ಬಿದ್ದಿದೆ, ಇನ್ನು ನಡೆಯುವುದು ಕಷ್ಟ ಎಂದರು ಡಾಕ್ಟರು.

ತಳ್ಳಿದವಳನ್ನು ಸುಮ್ಮನೆ ಬಿಡಬಾರದು. ಅದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು. ಫೋಟೋಗಳನ್ನೆಲ್ಲ ಜಾಲಾಡಿದ. ಕೊನೆಯ ಮೂರನ್ನು ಬಿಟ್ಟರೆ ಎಲ್ಲವೂ ಮಸುಕು. ಆ ಮೂರು ಮಾತ್ರ ತೊಳೆದಿಟ್ಟಷ್ಟು ಸ್ವಚ್ಛ. ಮೊದಲನೆಯದರಲ್ಲಿ ಮಗಳು ನಗುತ್ತಿದ್ದಳು. ಎರಡನೆಯದರಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಕೂಸು ಎಷ್ಟು ಹೆದರಿತ್ತೋ. ಮೂರನೆಯದರಲ್ಲಿ ಆ ಕೈ.

ಮೂರನೆಯದನ್ನು ಮಾತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟ. ಏಳನೇ ನಂಬರಿನವಳು ಮೂಲೆಯಲ್ಲಿ ಬಿಕ್ಕುತ್ತಿದ್ದಳು. ಪಕ್ಕದಲ್ಲಿ ಅವಳ ತಾಯಿ.

"ಆ ಕತ್ತಲಲ್ಲಿ ಇದೊಂದು ಇಷ್ಟು ಚೆನ್ನಾಗಿ ಹೇಗೆ ಬಂತು?" ಪ್ರಿನ್ಸಿಪಾಲರಿಗೆ ಆಶ್ಚರ್ಯ.

"ಮಗಳು ಆಸೆಪಟ್ಟಿದ್ದಳು ಸಾರ್. ಅವಳಿಗೋಸ್ಕರ ತೆಗೆದದ್ದು."

ತಾಯಿ ಫೋಟೋವನ್ನೇ ದಿಟ್ಟಿಸಿದಳು. "ತಳ್ಳೋರು ಬಟ್ಟೆ ಹಿಡ್ಕೊಳ್ತಾರಾ ಅಣ್ಣಾ?"

"ಕಣ್ಣೆದುರಿಗೇ ಇದೆಯಲ್ಲಮ್ಮ. ಕ್ಯಾಮೆರಾಕ್ಕೆ ನಿನ್ನ ಮಗಳ ಮೇಲೆ ಏನು ಹಗೆ?"

ಹುಡುಗಿಯನ್ನು ಶಾಲೆಯಿಂದ ಹೊರಹಾಕಿದರು. ಗೇಟಿನ ತನಕ ಮಕ್ಕಳು "ಕೊಲೆಗಾತಿ" ಎಂದು ಕೂಗುತ್ತಾ ಅವಳ ಹಿಂದೆಯೇ ಹೋದರು. ಅವನು ನಿಂತು ನೋಡಿದ. ಎದೆ ಒಂದಿಷ್ಟು ಹಗುರಾಯಿತು, ಸುಳ್ಳೇಕೆ.

ಅಂದು ಸಂಜೆಯೇ ಮಗಳು ಕಣ್ಣು ಬಿಟ್ಟಳು. ಅವನು ಅವಳ ಹಣೆ ಸವರಿದ.

"ನಿನ್ನ ತಳ್ಳಿದವಳಿಗೆ ತಕ್ಕ ಶಾಸ್ತಿ ಮಾಡಿಸಿದೀನಿ ಪುಟ್ಟಾ. ಶಾಲೆಯಿಂದಲೇ ಓಡಿಸಿದ್ದಾಯ್ತು."

ಮಗಳು ಅರ್ಥವಾಗದೆ ಅಪ್ಪನ ಮುಖ ನೋಡಿದಳು. ತುಟಿ ಒಣಗಿತ್ತು, ಮಾತು ನಿಧಾನವಾಗಿ ಹೊರಟಿತು.

"ಯಾರೂ ತಳ್ಳಲಿಲ್ಲಪ್ಪ, ಅವಳು ನನ್ನನ್ನ ಹಿಂದಕ್ಕೆ ಎಳ್ಕೊಳ್ಳೋಕೆ ನೋಡಿದಳು, ನಿನ್ನ ಫ್ಲಾಶ್ ಕಣ್ಣಿಗೆ ಹೊಡೆದು ನನಗೆ ಕಂಬವೇ ಕಾಣಲಿಲ್ಲ."