ಬೆಚ್ಚಗಿನ ತಗಡು

"ಇದು ಎಲ್ಲಾನೂ ಫೋನಿಗೆ ಹೇಳುತ್ತೆ ಸಾರ್," ಎಂದು ಸೇಲ್ಸ್‌ಮನ್ ಕಪ್ಪು ಗಾಜಿನ ಬಾಗಿಲಿನ ವಾಷಿಂಗ್ ಮಷೀನಿನ ಮೇಲೆ ಬೆರಳಾಡಿಸಿದ. ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಒಳಗೆ ಎಷ್ಟು ಬಟ್ಟೆ ಇತ್ತು, ಅದರ ಜೋಡಿ ಡ್ರೈಯರ್ ಎಷ್ಟು ಹೊತ್ತು ಓಡಿತು, ಎಲ್ಲವನ್ನೂ ಆಫೀಸಿನಲ್ಲಿ ಕೂತೇ ನೋಡಬಹುದಂತೆ.

ಗಂಡನಿಗೆ ನಗು ಬಂತು. "ನಿನಗಿಂತ ಇದೇ ವಾಸಿ ಕಣೇ. ಕೇಳೋಕೆ ಮುಂಚೆ ಉತ್ತರ ಕೊಡುತ್ತೆ."

ಅವಳೂ ನಕ್ಕಳು. ನಗದೇ ಇದ್ದರೆ ಅವನು ಗಮನಿಸುತ್ತಿದ್ದ. ಅವಳ ಕೈಚೀಲದ ಪಟ್ಟಿ ಹಿಡಿದು ನಿಂತಿದ್ದ ಮಗಳು ಪುಟ್ಟಿ ಮಾತ್ರ ನಗಲಿಲ್ಲ.

ಪುಟ್ಟಿಗೆ ಎಂಟು ವರ್ಷ. ಈಗಲೂ ಕೆಲವು ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ. ಗಂಡ ಆಫೀಸಿಗೆ ಹೊರಟ ಮೇಲೆ ತಾಯಿ ಬೆಡ್‌ಶೀಟನ್ನು ಒಗೆದು, ಒಣಗಿಸಿ, ಅವನು ಬರುವಷ್ಟರಲ್ಲಿ ಸುಕ್ಕಿಲ್ಲದಂತೆ ಮತ್ತೆ ಹಾಸಿಬಿಡುತ್ತಿದ್ದಳು. ತನ್ನ ಶಿಸ್ತಿನಿಂದಲೇ ಮಗಳ ಚಾಳಿ ಬಿಟ್ಟುಹೋಯಿತೆಂದು ಅವನು ನಂಬಿದ್ದ. ಹಳೆಯ ಮಷೀನು, ಡ್ರೈಯರ್ ಎರಡೂ ಕೈಕೊಟ್ಟ ಮೇಲೆ, ಒಂದು ಮೋಡದ ದಿನ, ಕೈಯಲ್ಲೇ ಒಗೆದು ಹರವಿದ್ದ ಬೆಡ್‌ಶೀಟು ಸಂಜೆಯಾದರೂ ಒಣಗಲಿಲ್ಲ. ಅವನು ಬೈಯಲಿಲ್ಲ. ಬೈಯುವ ಅಭ್ಯಾಸವೇ ಅವನಿಗಿಲ್ಲ. ಒದ್ದೆ ಬೆಡ್‌ಶೀಟನ್ನು ಹಗ್ಗದಿಂದ ತೆಗೆದು ಮಗಳ ತಲೆಯ ಮೇಲಿಂದ ಹೊದಿಸಿ ಬಾಲ್ಕನಿಯಲ್ಲಿ ನಿಲ್ಲಿಸಿದ. ಅದು ಒಣಗಿದ ಮೇಲೆ ಒಳಗೆ ಬಂದರೆ ಸಾಕು ಎಂದು ಹೇಳಿ, ಬಾಗಿಲು ಹಾಕಿಕೊಂಡು ಚಹಾ ಕುಡಿದ. ಅಂದಿನಿಂದ ಅವನು ಮನೆಗೆ ಬರುವುದಕ್ಕೆ ಹೊತ್ತುಗೊತ್ತಿಲ್ಲ. ಒಮ್ಮೊಮ್ಮೆ ಮಧ್ಯಾಹ್ನವೇ ಬಂದು, ಮಗಳ ಕೋಣೆಗೊಮ್ಮೆ ಇಣುಕಿ ಹೋಗುತ್ತಾನೆ.

ಇವತ್ತು ಆಡಬೇಕಾದ ಮಾತನ್ನು ಅವಳು ಎಷ್ಟೋ ದಿನಗಳಿಂದ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡಿದ್ದಳು. ಅದರಲ್ಲಿ ಅವಸರ ಕಾಣಬಾರದು. 'ಬೇಡ' ಎಂಬ ಪದವಂತೂ ಬರಲೇಬಾರದು.

"ಇದು ಕೆಟ್ಟರೆ ಒಳಗಿನ ಬೋರ್ಡೇ ಬದಲಾಯಿಸಬೇಕಂತೆ ರೀ," ಎಂದಳು, ಬೆಲೆಯ ಚೀಟಿಯನ್ನು ಓದುವವಳಂತೆ. "ಆ ಮೂಲೇಲಿರೋ ಜೋಡಿ ನೋಡಿ. ಬರೀ ಗುಂಡಿ ತಿರುಗಿಸೋದು. ಹಿಂದಿನ ತಗಡು ಬಿಚ್ಚಿದ್ರೆ ಬೆಲ್ಟು, ಮೋಟರು ಎಲ್ಲಾ ಕೈಗೆ ಸಿಗುತ್ತೆ. ಫ್ಯಾನು ರಿಪೇರಿ ಮಾಡಿದವರಿಗೆ ಇದೇನು ಮಹಾ?"

ರಿಪೇರಿಯಾದ ದಿನದಿಂದ ಆ ಫ್ಯಾನು ಗೊಣಗುತ್ತಲೇ ತಿರುಗುತ್ತಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ.

ಗಂಡ ಮೂಲೆಗೆ ನಡೆದ. ಸೇಲ್ಸ್‌ಮನ್ ತುಸು ನಿರಾಸೆಯಿಂದಲೇ ಹಿಂದೆ ಬಂದು, ತುಸು ಒದ್ದೆಯಾದ ಸಣ್ಣ ಟವಲೊಂದನ್ನು ಡ್ರೈಯರಿಗೆ ಹಾಕಿ ಗುಂಡಿ ತಿರುಗಿಸಿದ. ಅದು ಗುಡುಗುಡು ಸದ್ದು ಮಾಡುತ್ತಿರುವಾಗ ಗಂಡ ಪಕ್ಕದ ವಾಷಿಂಗ್ ಮಷೀನಿನ ಹಿಂದೆ ಮಂಡಿಯೂರಿ, ಸ್ಕ್ರೂಡ್ರೈವರ್ ಕೇಳಿ ಪಡೆದು, ತಗಡು ಬಿಚ್ಚಿ ಇಣುಕಿದ. ಇದನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಕೂಡಿಸಬಲ್ಲೆ ಎಂದು ಅಲ್ಲಿಂದಲೇ ಹೇಳಿದ. ದನಿಯಲ್ಲಿ ಖುಷಿಯಿತ್ತು.

ಅವಳು ಮೆಲ್ಲಗೆ ಉಸಿರು ಬಿಟ್ಟಳು. ಡ್ರೈಯರಿನ ಗುಂಡಿ ಟಿಕ್ ಟಿಕ್ ಎನ್ನುತ್ತ ಸೊನ್ನೆಗೆ ಬಂದು ನಿಂತಿತು. ಅಷ್ಟೇ. ಈಗ ತಾನೇ ಏನು ನಡೆಯಿತೆಂದು ಕೂಡ ಅದಕ್ಕೆ ನೆನಪಿರಲಿಲ್ಲ. ಸೇಲ್ಸ್‌ಮನ್ ಟವಲನ್ನು ಹೊರತೆಗೆದು ಅವಳ ಕೈಗೆ ಕೊಟ್ಟ. ಪೂರ್ತಿ ಒಣಗಿತ್ತು. ಅವಳಿಗೆ ಅದನ್ನು ಮುಖಕ್ಕೆ ಒತ್ತಿಕೊಳ್ಳಬೇಕೆನಿಸಿತು. ಒತ್ತಿಕೊಳ್ಳದೆ ನೀಟಾಗಿ ಮಡಿಸಿದಳು.

ಮಡಿಸುವಾಗ ಗೊತ್ತಾಯಿತು, ಕೈಚೀಲದ ಪಟ್ಟಿ ಹಗುರವಾಗಿದೆ. ಪುಟ್ಟಿ ಡ್ರೈಯರಿನ ಬಳಿ ನಿಂತಿದ್ದಳು, ಅದರ ಬಿಳಿ ತಗಡಿನ ಮೇಲೆ ಅಂಗೈ ಒತ್ತಿಕೊಂಡು.

"ಅಂಕಲ್, ಇದು ತಣ್ಣಗಾಗೋಕೆ ಎಷ್ಟು ಹೊತ್ತು ಬೇಕು?"

ಸೇಲ್ಸ್‌ಮನ್‌ಗೆ ಬಹಳ ಮೋಜೆನಿಸಿತು. "ಒಣಗೋಕೆ ಎಷ್ಟು ಹೊತ್ತು ಅಂತ ಎಲ್ಲರೂ ಕೇಳ್ತಾರಮ್ಮ. ತಣ್ಣಗಾಗೋಕೆ ಅಂತ ಕೇಳಿದ್ದು ನೀನೇ ಮೊದಲು," ಎಂದ ಗಟ್ಟಿಯಾಗಿ.

ಮಷೀನಿನ ಹಿಂದೆ ಸ್ಕ್ರೂಡ್ರೈವರಿನ ಸದ್ದು ನಿಂತಿತು.

ಸೋಪಿನ ವಾಸನೆ ಹೋಗಲು ಕಿಟಕಿ ತೆಗೆಯುವುದು, ಬೆಡ್‌ಶೀಟಿನ ಅಂಚನ್ನು ಬೆಳಿಗ್ಗೆ ಇದ್ದ ಹಾಗೆಯೇ ಮಡಚುವುದು, ಪಕ್ಕದ ಮನೆಯವರ ಕಿವಿಗೆ ಸದ್ದು ಬೀಳದಂತೆ ಬಾಗಿಲು ಹಾಕುವುದು, ಅವಳು ಯೋಚಿಸದೆ ಬಿಟ್ಟದ್ದೇ ಇರಲಿಲ್ಲ. ಇದೊಂದು ಹೊಳೆದಿರಲಿಲ್ಲ. ಮಗಳಿಗೆ ಹೊಳೆದಿತ್ತು.

"ಕೈ ಸುಟ್ಟುಕೊಂಡೀತು ಅಂತ ಭಯ ಅವಳಿಗೆ," ಎಂದಳು. ಮಾತು ಅವಸರದಲ್ಲಿ ಬಂತೆಂದು ಅವಳಿಗೇ ಕೇಳಿಸಿತು.

ಗಂಡ ಎದ್ದು ಮಂಡಿಯ ಧೂಳು ಕೊಡವಿಕೊಂಡ. ನಿಧಾನವಾಗಿ ಈಚೆ ಬಂದ. ಪುಟ್ಟಿ ಕೈ ತೆಗೆಯುವ ಮೊದಲೇ ಅವನ ಅಂಗೈ ಅದರ ಮೇಲೆ ಕೂತಿತು. ಜ್ವರ ನೋಡುವವನಂತೆ ಅವನು ಸ್ವಲ್ಪ ಹೊತ್ತು ಹಾಗೆಯೇ ನಿಂತ. ದಪ್ಪ ಬಟ್ಟೆ ಹಾಕಿದರೆ ತಾಸು ಹೊತ್ತಾದರೂ ಬೆಚ್ಚಗಿರುತ್ತದೆ, ಗಾಬರಿ ಏನಿಲ್ಲ ಎಂದ ಸೇಲ್ಸ್‌ಮನ್.

"ಇದೇ ಇರಲಿ," ಎಂದ ಗಂಡ, ಹೆಂಡತಿಯನ್ನು ನೋಡುತ್ತ. "ನೀನು ಹೇಳಿದ್ದೇ ಸರಿ. ಫೋನೆಲ್ಲ ಯಾಕೆ? ಬಂದು ಮುಟ್ಟಿ ನೋಡಿದ್ರೆ ಆಯ್ತು."

ಸೇಲ್ಸ್‌ಮನ್ ಬಿಲ್ಲು ಬರೆಯಲು ಹೋದ. ಬೆಚ್ಚಗಿನ ತಗಡಿನ ಮೇಲೆ, ದೊಡ್ಡ ಅಂಗೈಯ ಅಂಚಿನಿಂದ ಇಣುಕುತ್ತಿದ್ದ ನಾಲ್ಕು ಪುಟ್ಟ ಬೆರಳ ತುದಿಗಳು ಅಲುಗಾಡದೆ ಕೂತಿದ್ದವು.