ಇಂಡಿಯಾ ಉರುಫ್ ಭಾರತ

ಹಳೆಯ ಛಾಪಾ ಕಾಗದದ ವಾಸನೆ ಬಂದರೆ ನನಗೆ ಈಗಲೂ ರೇಗುತ್ತದೆ.

ನಮ್ಮ ತಾತ ಶ್ರೀನಿವಾಸಪುರದಲ್ಲಿ ಆಸ್ತಿ ನೋಂದಣಿಯ ಪತ್ರ ಬರೆದುಕೊಡುತ್ತಿದ್ದರು. ಜಮೀನಿನ ಕ್ರಯಪತ್ರದಲ್ಲಿ ಯಾರಿಗಾದರೂ ಎರಡು ಹೆಸರಿದ್ದರೆ ನಡುವೆ 'ಉರುಫ್' ಸೇರಿಸುತ್ತಿದ್ದರು: ಚಿನ್ನಪ್ಪಯ್ಯ ಉರುಫ್ ಮುನಿಸ್ವಾಮಿ. ಪಕ್ಕದಲ್ಲಿ ಕೂತು ಓದಿ ಓದಿ ನನಗೂ ಅದೇ ರೂಢಿಯಾಗಿತ್ತು. ಐದನೇ ಕ್ಲಾಸಿನ ಪರೀಕ್ಷೆಯಲ್ಲಿ ನಮ್ಮ ದೇಶದ ಹೆಸರು ಕೇಳಿದಾಗ 'ಇಂಡಿಯಾ ಉರುಫ್ ಭಾರತ' ಎಂದು ಬರೆದೆ.

ಮೇಷ್ಟ್ರು ಅದರ ಮೇಲೆ ಕೆಂಪು ಗೆರೆ ಎಳೆದರು. "ದೇಶ ಏನು ರೌಡೀನೇನಮ್ಮಾ, ಉರುಫ್ ಹಾಕೋಕೆ?" ಇಡೀ ಕ್ಲಾಸು ನಕ್ಕಿತು.

ಮಧ್ಯಾಹ್ನ ತಾತನ ಇಳಿಮೇಜಿನ ಮೇಲೆ ಆ ಹಾಳೆ ಎಸೆದೆ. "ಎಲ್ಲಾ ನಿನ್ನಿಂದಾನೇ ತಾತ!"

ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನೇ ಓದಿದರು.

"ಸರಿಯಾಗೇ ಬರ್ದಿದ್ದೀಯಲ್ಲ ತಲ್ಲೀ. ಸಂವಿಧಾನದಲ್ಲೇ 'ಇಂಡಿಯಾ, ಅಂದರೆ ಭಾರತ' ಅಂತ ಎರಡೂ ಬರ್ದವ್ರೆ. ಒಂದು ಬಿಟ್ರೆ, ನಾಳೆ ಯಾರಾದ್ರೂ ಬಂದು ಇದು ಬೇರೆ ಆಸಾಮಿ ಅಂತಾರೆ."

ಆಮೇಲೆ ಇಂಕು ಹತ್ತಿದ ಬೆರಳನ್ನು ಕೆಂಪು ಗೆರೆಯ ಮೇಲಿಟ್ಟರು. "ಪತ್ರದಲ್ಲಿ ಒಂದಕ್ಷರ ಹೊಡೆದುಹಾಕಿದ್ರೂ ಪಕ್ಕದಲ್ಲಿ ರುಜು ಹಾಕ್ಬೇಕು. ನಿಮ್ಮ ಮೇಷ್ಟ್ರ ರುಜು ಎಲ್ಲಿ? ನಾಳೆ ಹಾಕಿಸ್ಕೊಂಡು ಬಾ."

ನನಗೆ ಬೇಕಾಗಿದ್ದದ್ದು ಒಂದು ಹೆಸರು, ಒಂದು ಮಾರ್ಕು. ಇಬ್ಬರು ಮುದುಕರ ಹಟದ ನಡುವೆ ನಾನು ಯಾಕೆ ಓಡಾಡಬೇಕು? ಮರುದಿನ ಸ್ಕೂಲಿನ ಗೇಟಿನ ಹತ್ತಿರ ಹಾಳೆಯನ್ನು ಹರಿದು ಮೋರಿಗೆ ಎಸೆದೆ.

ಸಂಜೆ ತಾತ ಬರೆಯುವುದನ್ನು ನಿಲ್ಲಿಸಿ ಕೇಳಿದರು. "ರುಜು ಹಾಕಿದ್ರಾ?"

"ಹಾಕಿದ್ರು."

ತಾತ ಕೈ ಚಾಚಿದರು. "ಎಲ್ಲಿ, ತೋರ್ಸು."